ಕಪಾಟೋ ಕುಂಡವೋ

ನನ್ನ ಗಂಡನ ಕೆಲಸ ಕೇಳುವುದು.

ನಮ್ಮೂರು ಕ್ರೇಡ್ಲಿ ಹೀತಿನ ಕುಲುಮೆಯಲ್ಲಿ ಕ್ರೇನಿನ ಕೊಕ್ಕೆ ಹೊಡೆಯುತ್ತಾರೆ. ಹಡಗಿನಿಂದ ಸರಕು ಎತ್ತುವ ಕೊಕ್ಕೆ. ಕೆಲವು ಒಬ್ಬ ಆಳಿನ ಎತ್ತರ ಇರುತ್ತವೆ. ಆರಿದ ಮೇಲೆ ಒಂದೊಂದನ್ನೂ ಸರಪಳಿಗೆ ತೂಗುಹಾಕುತ್ತಾರೆ. ನೆವಿಲ್ ಸಣ್ಣ ಸುತ್ತಿಗೆಯಲ್ಲಿ ಅದಕ್ಕೆ ಒಂದು ಪೆಟ್ಟು ಕೊಟ್ಟು ತಲೆ ಓರೆ ಮಾಡಿ ನಿಲ್ಲುತ್ತಿದ್ದ. ಒಳಗೆ ಗಟ್ಟಿಯಿದ್ದರೆ ಕೊಕ್ಕೆ ಗಂಟೆಯ ಹಾಗೆ ಹಾಡುತ್ತದೆ. ಬಿರುಕಿದ್ದರೆ ಒಡೆದ ಮಡಕೆ ತಟ್ಟಿದ ಹಾಗೆ. ಹಾಡಿದ್ದಕ್ಕೆ ಬಿಳಿ ಬಣ್ಣದ ಗೆರೆ, ಹಾಡದ್ದಕ್ಕೆ ಕೆಂಪು. ಕೆಂಪು ಬಿದ್ದದ್ದು ವಾಪಸ್ ಬೆಂಕಿಗೆ ಹೋಗುತ್ತಿತ್ತು. ಬಿಳಿ ಬಿದ್ದದ್ದು ಲಿವರ್‌ಪೂಲಿನ ಬಂದರಿಗೋ ಇನ್ನೆಲ್ಲಿಗೋ ಹೋಗಿ ಜನರ ತಲೆಯ ಮೇಲೆ ತೂಗುತ್ತಿತ್ತು.

ಅವನು ಕಳೆದ ಚಳಿಗಾಲದಲ್ಲಿ ಹೋದ. ಇನ್ನೂ ಅವನ ಕೋಟು ಬಾಗಿಲ ಹಿಂದೆ ಇದೆ. ನಾನು ತೆಗೆದಿಲ್ಲ.

ಊರಲ್ಲಿ ಅವನ ಹೆಸರು ನಡೆಯುತ್ತಿದ್ದದ್ದು ಕೊಕ್ಕೆಯಿಂದಲ್ಲ, ಶನಿವಾರದಿಂದ. ಶನಿವಾರ ಮಧ್ಯಾಹ್ನ ಕುಲುಮೆ ಮುಚ್ಚಿದ ಮೇಲೆ ನಮ್ಮ ಮುಂದಿನ ಕೋಣೆಯಲ್ಲಿ ಅವನೂ ಗೆಳೆಯರೂ ಹೆವಿ ಮೆಟಲ್ ಸಂಗೀತದ ರೆಕಾರ್ಡು ಕೇಳುತ್ತಿದ್ದರು. ಬೇರೆ ಕಡೆಯವರಿಗೆ ಅದು ಗದ್ದಲ. ನಮ್ಮ ಕಡೆ ಅದು ಹುಟ್ಟಿದ್ದೇ ಇಂಥ ಕುಲುಮೆಗಳ ಸಂದಿಯಲ್ಲಿ. ಅದನ್ನು ನುಡಿಸುವ ಹುಡುಗರ ಅಪ್ಪಂದಿರು ನಮ್ಮ ಅಪ್ಪಂದಿರ ಪಕ್ಕದಲ್ಲಿ ನಿಂತು ಬೆವರಿದವರು. ಹಾಗಾಗಿ ನಮ್ಮವರು ಒಂದು ಆಲ್ಬಮ್ ಬಂದರೆ ಅದರ ಮುಂದೆ ಕುಣಿಯುತ್ತಿರಲಿಲ್ಲ. ಕೊಕ್ಕೆ ನೋಡಿದ ಹಾಗೆ ನೋಡುತ್ತಿದ್ದರು. ಬಿರುಕಿದೆಯೋ ಇಲ್ಲವೋ ಅಂತ.

ಅದಕ್ಕೊಂದು ಕಟ್ಟುಪಾಡಿತ್ತು. ಪರದೆ ಎಳೆಯಬೇಕು. ಬೂಟು ಹೊರಗೆ ಬಿಡಬೇಕು. ಮುಳ್ಳು ರೆಕಾರ್ಡಿಗೆ ತಗುಲಿದ ಮೇಲೆ ಯಾರೂ ಮಾತಾಡಬಾರದು, ಬಿಯರ್ ಮುಟ್ಟಬಾರದು, ಬಾಗಿಲು ತೆಗೆಯಬಾರದು. ಮನೆಗೆ ಬೆಂಕಿ ಬಿದ್ದರೂ ಆ ಬದಿ ಮುಗಿಯುವವರೆಗೆ ಮುಳ್ಳು ಎತ್ತಬಾರದು. ಮುಗಿದ ಮೇಲೆ ಒಬ್ಬೊಬ್ಬರಾಗಿ ಹೇಳಬೇಕು. ಕೊನೆಯ ಮಾತು ಮನೆಯ ಯಜಮಾನನದು. ತೀರ್ಪು ಎರಡೇ. ಕಪಾಟು, ಇಲ್ಲವೇ ಕುಂಡ. ಕಪಾಟು ಅಂದರೆ ಉಳಿಯಿತು. ಕುಂಡ ಅಂದರೆ ನಾನು ಅದನ್ನು ಒಲೆಯಲ್ಲಿಟ್ಟು ಮೆತ್ತಗಾದ ಮೇಲೆ ಬೋಗುಣಿಯ ಬೆನ್ನಿಗೆ ಒತ್ತಿ ಹೂವಿನ ಕುಂಡ ಮಾಡುತ್ತಿದ್ದೆ. ನಡುವಿನ ತೂತು ನೀರು ಇಳಿಯಲು ಸರಿಯಾಗಿ ಇರುತ್ತದೆ. ನಮ್ಮ ಹಿತ್ತಲ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಹೆಸರಿನವರು ಮಣ್ಣು ಹೊತ್ತು ಕೂತಿದ್ದಾರೆ. ಜೆರೇನಿಯಂ ಚೆನ್ನಾಗಿ ಬರುತ್ತದೆ.

ಬರುತ್ತಿದ್ದವರು ಮೂವರು. ಹೆಡ್ಲಿ ಬ್ಲೂಮರ್, ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ನಡೆಸುವವನು, ನೆವಿಲ್‌ನ ಬಾಲ್ಯದ ಗೆಳೆಯ. ವಿಲ್ಫ್, ಬ್ರೆಡ್ಡಿನ ಗಾಡಿ ಓಡಿಸುವವನು, ಬಾಯಿ ಮುಚ್ಚಿ ಕೂರುವುದು ವಾರದಲ್ಲಿ ಆ ಒಂದು ಹೊತ್ತು ಮಾತ್ರ. ಮತ್ತೆ ಡೆರಿಕ್, ಹೆಡ್ಲಿಯ ಹೆಂಡತಿಯ ತಮ್ಮ. ಅವನು ಹಗಲು ಕುಲುಮೆಯಲ್ಲಿ, ಸಂಜೆ ಗಿಟಾರಿನಲ್ಲಿ. ಅವನ ಬ್ಯಾಂಡಿಗೆ ಅವನಿದ್ದ ಬೀದಿಯ ಹೆಸರೇ ಇಟ್ಟಿದ್ದ, ಸಿಂಡರ್ ಬ್ಯಾಂಕ್ ಅಂತ.

ನಾನು ಅಡಿಗೆಮನೆಯಲ್ಲಿ ಬೂದು ಬಟಾಣಿ, ಹಂದಿಮಾಂಸ ಬೇಯಿಸುತ್ತಾ ಅವರ ಮಾತು ಕೇಳುತ್ತಿದ್ದೆ.

"ಡ್ರಮ್ಮಿನವನು ಪರವಾಗಿಲ್ಲ," ವಿಲ್ಫ್ ಅನ್ನುತ್ತಿದ್ದ. "ಕೈ ಓಡುತ್ತೆ."

"ಓಡುತ್ತೆ ಕಣೋ, ಅದೇ ಕಷ್ಟ," ನೆವಿಲ್ ಅನ್ನುತ್ತಿದ್ದ. "ಹೆಂಡ್ತಿ ಊಟಕ್ಕೆ ಕರೆದ ಹಾಗೆ ಓಡ್ತಾನೆ. ಗಿಟಾರ್ ಇನ್ನೂ ಬಾಗಿಲಲ್ಲಿ ಬೂಟು ಬಿಚ್ತಿದೆ, ಇವನು ಆಗಲೇ ತಿಂದು ಕೈ ತೊಳೀತಿದಾನೆ."

"ಹಾಡೋನು?"

"ಹಾಡೋನಿಗೆ ಹಲ್ಲುನೋವು ಇರ್ಬೇಕು. ಅದು ಅವನ ತಪ್ಪಲ್ಲ. ಆದ್ರೆ ನಾವ್ಯಾಕೆ ಕೇಳ್ಬೇಕು? ಕುಂಡ. ಐರಿಸ್, ಒಲೆ ಬಿಸಿಯಿದ್ಯಾ?"

ಅವನು ಹೇಳಿದ್ದು ಸೋಮವಾರದೊಳಗೆ ಕುಲುಮೆಯೆಲ್ಲ ಹೇಳುತ್ತಿತ್ತು. ಪೇಟೆಯ ರೆಕಾರ್ಡ್ ಅಂಗಡಿಯವನು ಅವನನ್ನು ಕೇಳದೆ ಹೆಚ್ಚು ಪ್ರತಿ ತರಿಸುತ್ತಿರಲಿಲ್ಲ.

ಅವನ ಕಿವಿ ಒಂದೇ ಸಲ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಗಡಿಯಾರ. ಆಮೇಲೆ ನಾನು, ಬೆನ್ನು ತಿರುಗಿಸಿ ಮಾತಾಡಿದರೆ. ತಲೆಯೊಳಗೆ ಒಂದು ಕೆಟಲು ಶಿಳ್ಳೆ ಹಾಕುತ್ತಲೇ ಇದೆ, ಯಾರೂ ಒಲೆಯಿಂದ ಇಳಿಸುತ್ತಿಲ್ಲ ಅಂತ ಒಂದು ದಿನ ಹೇಳಿದ. ಹೇಳಿ ಸ್ನಾನಕ್ಕೆ ಹೋದ.

ಕುಲುಮೆಯವರ ನಡುವೆ ಕಿವುಡು ಮುಚ್ಚಿಡುವುದು ಕಷ್ಟವಲ್ಲ. ಅಲ್ಲಿ ಎಲ್ಲರೂ ಅರ್ಧ ಕಿವುಡರೇ. ಸುತ್ತಿಗೆಯ ಸದ್ದಿನಲ್ಲಿ ತುಟಿ ನೋಡಿ ಮಾತಾಡಿಕೊಳ್ಳುವುದು ಅಭ್ಯಾಸ. ಹೆಂಡ ಕುಡಿಯುವ ಕಡೆಯೂ ಅದೇ ಅಭ್ಯಾಸ. ಎದುರಿಗೆ ಕೂತರೆ ನೆವಿಲ್‌ಗೆ ಎಲ್ಲ ಗೊತ್ತಾಗುತ್ತಿತ್ತು.

ಆದರೆ ಕೊಕ್ಕೆಗೆ ತುಟಿಯಿಲ್ಲವಲ್ಲ. ನಾನು ಕೇಳಿದೆ.

"ಕೊಕ್ಕೆ ಹೇಗೆ ನೋಡ್ತೀಯ?"

"ಕಬ್ಬಿಣದ ಸರಳು ತಗೋತೀನಿ. ಒಂದು ತುದಿ ಕೊಕ್ಕೆಗೆ, ಒಂದು ತುದಿ ಹಲ್ಲಿಗೆ. ಹೊಡೀತೀನಿ. ಹಲ್ಲಿಗೆ ಗೊತ್ತಾಗುತ್ತೆ."

"ನೋಡಿದೋರು ಏನಂತಾರೆ?"

"ಹೊಸ ಪಟ್ಟು ಕಲಿತಿದೀನಿ ಅಂತಾರೆ."

"ಎಲ್ಲ ಗೊತ್ತಾಗುತ್ತಾ ಹಲ್ಲಿಗೆ?"

"ಬಹಳಷ್ಟು," ಅಂದ.

ಹೇಳಿಬಿಡು ಅಂದೆ. ಆಫೀಸಿಗೆ ಹೋಗಿ ಹೇಳಿಬಿಡು, ಬೇರೆ ಕೆಲಸ ಕೊಡುತ್ತಾರೆ.

"ಕೊಡ್ತಾರೆ. ಪೊರಕೆ ಕೊಡ್ತಾರೆ. ಆ ಸುತ್ತಿಗೆ ಮುಂದೆ ನಿಲ್ಲೋಕೆ ನನಗೆ ಹೆಡ್ಲಿ ತೋಳಿಲ್ಲ. ಲೆಕ್ಕ ಬರೆಯೋಕೆ ಓದಿಲ್ಲ. ಇದ್ದದ್ದು ಎರಡು ಕಿವಿ ಐರಿಸ್. ಅವೂ ಇಲ್ಲ ಅಂತ ನಾನೇ ಹೋಗಿ ಕೂಗ್ಲಾ?"

ಎಂಬತ್ತೆರಡನೇ ಇಸವಿ ಅದು. ನಮ್ಮ ಕಡೆ ಕುಲುಮೆಗಳು ಒಂದೊಂದಾಗಿ ಬೆಂಕಿ ಆರಿಸುತ್ತಿದ್ದವು. ಬಾಯಿ ಬಿಟ್ಟವನು ಮೊದಲು ಹೊರಗೆ.

ಶನಿವಾರದ ವಿಷಯ ಬೇರೆ. ಅದನ್ನು ಹಲ್ಲಿನಲ್ಲಿ ಮಾಡಲಾಗುವುದಿಲ್ಲ. ಒಂದು ಗುರುವಾರ ಅವನು ಹೊಸ ಆಲ್ಬಮ್ ತಂದು ಯಂತ್ರಕ್ಕೆ ಹಾಕಿ, ಸದ್ದು ಬರುವ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತ. ಆಮೇಲೆ ನನ್ನನ್ನು ಕರೆದ.

"ಹೇಗಿದೆ?"

"ನನ್ನ ಕೇಳ್ತೀಯ? ಗದ್ದಲ."

"ಗದ್ದಲ ಗೊತ್ತು. ಎಂಥ ಗದ್ದಲ?"

ಅವನು ನಿಜವಾಗಿ ಕೇಳುತ್ತಿದ್ದ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಕೈ ಒರೆಸಿಕೊಂಡು ಕೂತೆ.

ನನಗೆ ಓದಿಲ್ಲ. ನನ್ನಮ್ಮ ಹಿತ್ತಲ ಕುಲುಮೆಯಲ್ಲಿ ಸರಪಳಿ ಹೊಡೆಯುತ್ತಿದ್ದವಳು. ನಾನು ತಿದಿ ಒತ್ತುತ್ತಾ ಬೆಳೆದೆ. ನನಗೆ ಸಂಗೀತ ಗೊತ್ತಿಲ್ಲ, ಆದರೆ ಸುಸ್ತಾದ ಕೈಯ ಪೆಟ್ಟು ಯಾವುದು, ಸಿಟ್ಟಿನ ಪೆಟ್ಟು ಯಾವುದು, ಬೇರೆಯವರಿಗೆ ತೋರಿಸಲು ಹೊಡೆದದ್ದು ಯಾವುದು ಅಂತ ಗೊತ್ತಾಗುತ್ತದೆ. ಅದನ್ನೇ ಹೇಳಿದೆ. ಮೂರನೇ ಹಾಡಲ್ಲಿ ಡ್ರಮ್ಮಿನವನು ಬೇರೆ ಏನೋ ಯೋಚನೆ ಮಾಡ್ತಿದಾನೆ ಅಂದೆ. ಗಿಟಾರಿನವನು ತನ್ನ ಸದ್ದು ತಾನೇ ಕೇಳಿ ಖುಷಿಪಡ್ತಿದಾನೆ, ಮುಗಿಸೋಕೆ ಮನಸ್ಸಿಲ್ಲ, ನೆಂಟರ ಮನೆಯಲ್ಲಿ ಎದ್ದು ಹೊರಡದವನ ಹಾಗೆ ಅಂದೆ. ನೆವಿಲ್ ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

ಶನಿವಾರ ಅವನು ಅದನ್ನೇ ತನ್ನ ಮಾತಲ್ಲಿ ಹೇಳಿದ. ವಿಲ್ಫ್ ನಗುತ್ತಾ ಸೋಫಾದಿಂದ ಜಾರಿದ. "ನೆಂಟರ ಮನೆ. ಅದು ಸರಿ. ಎಲ್ಲಿ ಹುಡುಕ್ತೀಯಪ್ಪ ಇವನ್ನೆಲ್ಲ?"

ಆಮೇಲೆ ಪ್ರತಿ ಗುರುವಾರ. ಮೊದಲು ಬೇಸರ ಇತ್ತು ನನಗೆ. ಆಮೇಲೆ ಗುರುವಾರಕ್ಕೆ ಕಾಯತೊಡಗಿದೆ. ಮದುವೆಯಾದ ಮೇಲೆ ಅವನು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಆಗಲೇ. ಬೇರೆಯವರು ಹೇಳಿದ್ದನ್ನು ಮೊದಲು ತುಟಿಯಲ್ಲಿ ನೋಡಿಕೊಂಡು, ನಾನು ಹೇಳಿದ್ದನ್ನು ಅದಕ್ಕೆ ಜೋಡಿಸಿ ಕೊನೆಯಲ್ಲಿ ಮಾತಾಡುತ್ತಿದ್ದ. ಯಾರಿಗೂ ಅನುಮಾನ ಬರಲಿಲ್ಲ.

ಹೀಗಿರುವಾಗ ಡೆರಿಕ್ ತನ್ನ ಆಲ್ಬಮ್ ತಂದ.

ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಅದು. ಒಂದೇ ಬದಿ. ನಡುವೆ ಬಿಳಿ ಕಾಗದ, ಅದರ ಮೇಲೆ ಒಂದು ಅಕ್ಷರವಿಲ್ಲ. ಬಾಗಿಲಲ್ಲೇ ನಿಂತು ಕೊಟ್ಟ.

"ಒಳಗೆ ಬಾರೋ."

"ಇಲ್ಲ ಐರಿಸ್. ನಿಂತ್ರೆ ಅವನ ಮುಖ ನೋಡ್ತೀನಿ. ನೆವ್ ವಾರವೆಲ್ಲ ಕೇಳ್ಲಿ. ಶನಿವಾರ ಹೇಳ್ಲಿ. ಅವನು ಕುಂಡ ಅಂದ್ರೆ ಅಚ್ಚಿಗೆ ಕೊಡಲ್ಲ. ಅಲ್ಲಿಗೆ ಮುಗೀತು, ಗಿಟಾರ್ ಮಾರ್ತೀನಿ."

"ಏನು ಅಷ್ಟೊಂದು? ಅವನೂ ಒಬ್ಬ ಮನುಷ್ಯ."

"ಅವನ ಕಿವಿ ಮನುಷ್ಯರದಲ್ಲ," ಅಂದ ಡೆರಿಕ್.

ಗುರುವಾರ ನೆವಿಲ್ ಅದನ್ನು ಯಂತ್ರಕ್ಕೆ ಹಾಕಿದ. ಯಂತ್ರದಲ್ಲಿ ಒಂದು ಸಣ್ಣ ಕಡ್ಡಿ ಇದೆ. ದೊಡ್ಡ ರೆಕಾರ್ಡಿಗೆ ಮೂವತ್ತಮೂರು ಅಂತ ಬರೆದ ಕಡೆ, ನಿಧಾನಕ್ಕೆ ತಿರುಗುತ್ತದೆ. ಒಂದೇ ಹಾಡಿನ ಸಣ್ಣ ರೆಕಾರ್ಡಿಗೆ ನಲವತ್ತೈದು, ಜೋರಾಗಿ ತಿರುಗುತ್ತದೆ. ಇದು ದೊಡ್ಡ ರೆಕಾರ್ಡು. ಕಡ್ಡಿ ಯಾವಾಗಲೂ ಇರುವ ಕಡೆಯೇ ಇತ್ತು.

ಮೊದಲು ಸರಪಳಿ ಎಳೆದ ಸದ್ದು. ಕಲ್ಲಿನ ಮೇಲೆ ಉದ್ದಕ್ಕೆ, ಯಾರೋ ಎಳೆಯಲಾರದೆ ಎಳೆಯುವ ಹಾಗೆ. ಆಮೇಲೆ ಸುತ್ತಿಗೆಯ ಮೂರು ಪೆಟ್ಟು. ಆಮೇಲೆ ಗಿಟಾರು, ಡ್ರಮ್ಮು, ಎಲ್ಲ ಒಟ್ಟಿಗೆ. ಎಷ್ಟು ನಿಧಾನ ಅಂದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಆಲೂಗಡ್ಡೆ ಸುಲಿಯಬಹುದು. ಹಾಡುವವನ ದನಿ ಬಾವಿಯೊಳಗೆ ಬಿದ್ದ ಎತ್ತಿನ ಹಾಗೆ. ನಾನು ಅಲ್ಲಾಡಲಿಲ್ಲ. ಆ ಗದ್ದಲದಲ್ಲಿ ನನಗೆ ಇಷ್ಟವಾದದ್ದು ಅದೊಂದೇ. ಅಮ್ಮ ಸಾಯುವ ಮುಂಚಿನ ವರ್ಷ ಹಾಗೇ ಹೊಡೆಯುತ್ತಿದ್ದಳು. ಸುತ್ತಿಗೆ ಎತ್ತಿ, ನಿಂತು, ಉಸಿರು ತೆಗೆದುಕೊಂಡು, ಆಮೇಲೆ ಇಳಿಸುತ್ತಿದ್ದಳು.

ಮುಗಿದ ಮೇಲೆ ನೆವಿಲ್ ನನ್ನ ಕಡೆ ತಿರುಗಿದ.

"ಇದು ಹೆಣ ಹೊತ್ತವರ ನಡಿಗೆ," ಅಂದೆ. "ಯಾರಿಗೂ ಅವಸರ ಇಲ್ಲ. ಹೊತ್ತದ್ದು ಭಾರ ಇದೆ, ದೂರ ಇದೆ, ಆದ್ರೆ ಕೆಳಗಿಡಲ್ಲ. ಹಾಡೋನು ನಮಗೆ ಹೇಳ್ತಿಲ್ಲ. ನೆಲಕ್ಕೆ ಹೇಳ್ತಿದಾನೆ."

"ನಿಧಾನ?"

"ನಿಧಾನ."

"ಬಹಳ?"

"ಇಷ್ಟು ನಿಧಾನದ್ದು ನೀನು ಯಾವತ್ತೂ ತಂದಿಲ್ಲ."

ಅವನ ಮುಖ ಬೆಳಗಿತು. "ಧೈರ್ಯ ನೋಡು ಆ ಹುಡುಗನಿಗೆ," ಅಂದ. "ಊರೆಲ್ಲ ಓಡ್ತಿದೆ. ಇವನು ನಿಂತಿದಾನೆ." ಮತ್ತೆ ಹಾಕು ಅಂದ. ಪೆಟ್ಟಿಗೆಯ ಮೇಲೆ ಕೈಯಿಟ್ಟ. ನಾನು ಅವನ ಇನ್ನೊಂದು ಕೈಯ ಮೇಲೆ ಬೆರಳಲ್ಲಿ ಪೆಟ್ಟು ಹಾಕುತ್ತಾ ಹೋದೆ, ಒಂದೊಂದಾಗಿ, ಕೊನೆಯವರೆಗೆ.

ಶನಿವಾರ ಮೂವರೂ ಬಂದರು. ಡೆರಿಕ್ ಕ್ಷೌರ ಮಾಡಿಸಿಕೊಂಡಿದ್ದ. ನೆವಿಲ್ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಅವನು ಯಾವಾಗಲೂ ಕಣ್ಣು ಮುಚ್ಚಿಯೇ ಕೇಳುತ್ತಿದ್ದ. ನಾನು ಬಾಗಿಲೆಳೆದು ಅಡಿಗೆಮನೆಗೆ ಬಂದೆ. ಡೆರಿಕ್ ಯಂತ್ರದ ಹತ್ತಿರ ಹೋದದ್ದು ಕಂಡೆ. ಅವನು ಏನು ಮಾಡಿದ ಅಂತ ನೋಡಲಿಲ್ಲ.

ಒಳಗಿಂದ ಸದ್ದು ಬಂತು. ಯಾವುದೋ ಬೇರೆ ರೆಕಾರ್ಡು ಅಂದುಕೊಂಡೆ. ಸಂತೆಯಲ್ಲಿ ಕಟ್ಟು ಬಿಚ್ಚಿದ ಕುದುರೆಗಳು ಓಡಿದ ಹಾಗೆ. ಹಾಡುವವನು ಎಳೆ ಹುಡುಗನ ದನಿಯಲ್ಲಿ ಕಿರುಚುತ್ತಿದ್ದ. ಡೆರಿಕ್‌ನದು ಆಮೇಲೆ ಹಾಕುತ್ತಾರೆ ಅಂತ ಬಟಾಣಿ ತಿರುವಿದೆ. ತಿರುವುತ್ತಾ ನೆನಪಾಯಿತು. ಮೊದಲು ಏನೋ ಸರಸರ ಎಂದಿತ್ತು. ಆಮೇಲೆ ಟಣ್ ಟಣ್ ಟಣ್ ಅಂದಿತ್ತು. ಸರಪಳಿ. ಮೂರು ಪೆಟ್ಟು.

ಸೌಟು ಕೆಳಗಿಟ್ಟೆ.

ಅದೇ ರೆಕಾರ್ಡು. ಅದನ್ನು ನಾವು ಕಡ್ಡಿ ನಿಧಾನದ ಕಡೆ ಇಟ್ಟು ಕೇಳಿದ್ದೆವು, ಡೆರಿಕ್ ಜೋರಿನ ಕಡೆ ಇಟ್ಟಿದ್ದ. ಅಷ್ಟು ಅರ್ಥವಾಗಲು ನನಗೆ ಓದು ಬೇಕಾಗಿರಲಿಲ್ಲ. ಒಳಗೆ ನನ್ನ ಗಂಡ ಕಣ್ಣು ಮುಚ್ಚಿ ಹೆಣ ಹೊತ್ತವರ ನಡಿಗೆ ನೆನೆಸಿಕೊಂಡು ಕೂತಿದ್ದಾನೆ. ಇನ್ನೇನು ಬಾಯಿ ತೆರೆಯುತ್ತಾನೆ.

ಒಳಗೆ ಹೋಗಿ ಅವನನ್ನು ಅಲ್ಲಾಡಿಸಿದರೆ ಎಲ್ಲರ ಎದುರು ತುಟಿ ಆಡಿಸಬೇಕು. ರೆಕಾರ್ಡು ನಿಲ್ಲಬೇಕು, ಅಷ್ಟೇ. ನಿಂತರೆ ಅವನನ್ನು ಈ ಕಡೆ ಕರೆದು ಹೇಳಬಹುದು. ನಾನು ಬಾಗಿಲು ತಳ್ಳಿದೆ. ಲೋಟಗಳಿದ್ದ ತಟ್ಟೆಯನ್ನು ಹೊಸಿಲಿನ ಕಲ್ಲಿನ ಮೇಲೆ ಕೈಬಿಟ್ಟೆ. ಅದರ ಹಿಂದೆಯೇ ಕಬ್ಬಿಣದ ಬಾಣಲೆಯನ್ನೂ ಬಿಟ್ಟೆ.

ಆ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ವಿಲ್ಫ್ ಎದೆ ಹಿಡಿದುಕೊಂಡ. ಡೆರಿಕ್ ನನ್ನನ್ನು ಕೊಲ್ಲುವ ಹಾಗೆ ನೋಡಿದ. ಹೆಡ್ಲಿ ಅರ್ಧ ಎದ್ದ. ಆದರೆ ಯಾರೂ ಮುಳ್ಳು ಎತ್ತಲಿಲ್ಲ. ಕಟ್ಟುಪಾಡು.

ನೆವಿಲ್ ಒಬ್ಬ ತಿರುಗಲಿಲ್ಲ. ಕಣ್ಣು ಮುಚ್ಚಿ, ಸ್ವಲ್ಪ ನಗುತ್ತಾ, ಕುರ್ಚಿಯ ಕೈಯ ಮೇಲೆ ಬೆರಳಲ್ಲಿ ಪೆಟ್ಟು ಹಾಕುತ್ತಿದ್ದ. ಒಂದು. ಬಹಳ ಹೊತ್ತು ಬಿಟ್ಟು ಇನ್ನೊಂದು.

ಹೆಡ್ಲಿ ಆ ಬೆರಳು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮೆಲ್ಲಗೆ ಕೂತ.

ರೆಕಾರ್ಡು ಮುಗಿಯಿತು. ಡೆರಿಕ್‌ಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ ನೆವಿಲ್‌ನ ಮೊಣಕಾಲು ಮುಟ್ಟಿದ. "ಇವತ್ತು ನೀನೇ ಮೊದಲು ಹೇಳು ನೆವ್. ಇವರದೆಲ್ಲ ಆಮೇಲೆ."

ಕೊನೆಯಲ್ಲಿ ಮಾತಾಡುವವನು ಮೊದಲು ಮಾತಾಡಿದ.

"ಡೆರಿಕ್," ಅಂದ. "ಇಷ್ಟು ನಿಧಾನಕ್ಕೆ ನುಡಿಸೋಕೆ ಗಂಡೆದೆ ಬೇಕು ಕಣೋ. ಎಲ್ಲರೂ ಓಡ್ತಿದಾರೆ. ನೀನು ಹೆಣ ಹೊತ್ತವರ ಹಾಗೆ ನಡೀತಿದೀಯ. ಒಂದು ಪೆಟ್ಟಿಂದ ಇನ್ನೊಂದು ಪೆಟ್ಟಿಗೆ ಕಾಯಿಸ್ತೀಯ. ಆ ಕಾಯಿಸೋದ್ರಲ್ಲೇ ಇದೆ ಎಲ್ಲ. ಮತ್ತೆ ಆ ಹಾಡೋನ ದನಿ, ಎಷ್ಟು ದಪ್ಪ, ಎಷ್ಟು ಆಳ. ನೆಲಕ್ಕೆ ಹೇಳ್ತಿದಾನೆ."

ವಿಲ್ಫ್ ಗಹಗಹಿಸಿ ನಕ್ಕ. "ಕೊಂದೇಬಿಟ್ಟೆ ನೆವ್. ಹುಡುಗನ್ನ ನಿಂತಲ್ಲೇ ಕೊಂದೆ."

ಡೆರಿಕ್ ಕೆಂಪಾದ. "ಇಷ್ಟ ಆಗ್ಲಿಲ್ಲ ಅಂದ್ರೆ ಕುಂಡ ಅನ್ನು. ಗೇಲಿ ಯಾಕೆ ಮಾಡ್ತೀಯ?"

ನೆವಿಲ್ ಒಬ್ಬರಿಂದ ಒಬ್ಬರ ಬಾಯಿಗೆ ಕಣ್ಣು ಓಡಿಸಿದ. "ಗೇಲಿ ಯಾರು ಮಾಡಿದ್ರು?" ಅಂದ. "ಕಪಾಟು ಅಂತಿದೀನಲ್ಲೋ."

ಹೆಡ್ಲಿ ಎದ್ದ. ದೊಡ್ಡ ಆಳು, ಸದ್ದಿಲ್ಲದೆ ನಡೆದು ಕುರ್ಚಿಯ ಹಿಂದೆ ಹೋಗಿ ನಿಂತ. ಮಾಮೂಲಿ ದನಿಯಲ್ಲಿ ಹೇಳಿದ. "ನೆವ್, ನಿನ್ನ ಪರದೆಗೆ ಬೆಂಕಿ ಹತ್ತಿದೆ."

ವಿಲ್ಫ್ ಪರದೆ ನೋಡಿದ. ಡೆರಿಕ್ ನೋಡಿದ. ನೆವಿಲ್ ಡೆರಿಕ್‌ನ ಬಾಯಿಯನ್ನೇ ನೋಡುತ್ತಾ, ಉತ್ತರಕ್ಕೆ ಕಾಯುತ್ತಾ ಕೂತಿದ್ದ.

ವಿಲ್ಫ್‌ನ ನಗು ಅಲ್ಲಿಗೆ ನಿಂತಿತು.

ಹೆಡ್ಲಿ ಅಡಿಗೆಮನೆಗೆ ಬಂದು ಬಾಗಿಲು ಹಾಕಿದ. ನಾನು ಗಾಜು ಗುಡಿಸುತ್ತಿದ್ದೆ.

"ಯಾವತ್ತಿಂದ?"

"ಎರಡನೇ ಚಳಿಗಾಲ ಇದು."

"ಪೂರ್ತಿನಾ?"

"ಹೆಚ್ಚುಕಡಿಮೆ."

ಅವನು ಮೇಜಿನ ಅಂಚು ಹಿಡಿದುಕೊಂಡ. "ಹಾಗಾದ್ರೆ ಆ ಸರಳು. ಹಲ್ಲಿಗೆ ಹಿಡೀತಾನಲ್ಲ, ಅದು."

"ಹೇಳ್ಬೇಡ ಹೆಡ್ಲಿ. ನಿನ್ನ ಕಾಲು ಹಿಡೀತೀನಿ. ಅವನು ಆ ಕೆಲಸ ಬಿಟ್ರೆ ಬದುಕಲ್ಲ. ನಾನು ಮೆತ್ತಗೆ ಬಿಡಿಸ್ತೀನಿ. ಮೈ ಸರಿಯಿಲ್ಲ ಅಂತ ಹೇಳಿಸ್ತೀನಿ. ಸ್ವಲ್ಪ ದಿನ ಕೊಡು."

"ಐರಿಸ್, ಲಿವರ್‌ಪೂಲಿನಲ್ಲಿ ನಮ್ಮ ಆರ್ಥರ್ ಕೆಲಸ ಮಾಡ್ತಾನೆ. ನನ್ನ ತಮ್ಮ. ಕೊಕ್ಕೆ ಕೆಳಗೆ ನಿಂತು ಸಿಗರೇಟ್ ಸೇದ್ತಾನೆ. ಯಾಕೋ ಹಾಗೆ ನಿಲ್ತೀಯ ಅಂದ್ರೆ, ಬಿಳಿ ಗೆರೆ ಇದೆಯಲ್ಲ ಅಂತಾನೆ. ಆ ಗೆರೆ ನಮ್ಮ ನೆವ್ ಎಳೆದದ್ದು, ಕಣ್ಣು ಮುಚ್ಚಿ ನಿಂತ್ಕೋ ಅಂತ ಹೇಳಿದವನು ನಾನೇ."

ನಾನು ಪೊರಕೆ ಹಿಡಿದು ನಿಂತಿದ್ದೆ.

ನೆವಿಲ್ ಬಾಗಿಲು ತೆಗೆದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಹೆಡ್ಲಿಯ ತುಟಿ ಅವನಿಗೆ ಕಾಣುತ್ತಿತ್ತು.

"ನಾನೇ ಹೇಳ್ತೀನಿ," ಅಂದ.

ಹೆಡ್ಲಿ ದನಿ ಹೊರಡಿಸಲಿಲ್ಲ. ಕುಲುಮೆಯಲ್ಲಿ ಮಾತಾಡುವ ಹಾಗೆ ಬರೀ ತುಟಿಯಲ್ಲಿ ಹೇಳಿದ. ಸೋಮವಾರ. ಕೊಕ್ಕೆ ಮುಟ್ಟೋಕೆ ಮುಂಚೆ.

ನೆವಿಲ್ ತಲೆಯಾಡಿಸಿದ.

ಹೋಗುವಾಗ ಡೆರಿಕ್ ನನ್ನ ಹತ್ತಿರ ನಿಂತ. ಅವನಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. "ಹಾಡು ಕಡಿಮೆ ಇತ್ತು," ಅಂದ. "ರೆಕಾರ್ಡಿನ ಗೆರೆ ಅಗಲ ಬಂದು ಸದ್ದು ದಪ್ಪ ಆಗ್ಲಿ ಅಂತ ನಲವತ್ತೈದಕ್ಕೆ ಕೊರೆಸಿದ್ವಿ. ಹೇಳ್ಬೇಕು ಅನ್ನಿಸ್ಲಿಲ್ಲ. ಕೇಳಿದ ತಕ್ಷಣ ಯಾರಿಗಾದ್ರೂ ಗೊತ್ತಾಗುತ್ತಲ್ಲ ಅಂದ್ಕೊಂಡೆ." ಹೇಳಿದ ಮೇಲೆ ಅವನಿಗೇ ತಾನು ಏನಂದೆ ಅಂತ ಹೊಳೆಯಿತು. ಬೂಟಿನ ದಾರ ಕಟ್ಟದೆ ಹೋದ.

ಬಟಾಣಿ ಯಾರೂ ತಿನ್ನಲಿಲ್ಲ. ನೆವಿಲ್ ಕುರ್ಚಿಯಲ್ಲೇ ಕೂತಿದ್ದ. ನಾನು ಎದುರಿಗೆ ಕೂತು ಕಡ್ಡಿಯ ವಿಷಯ ಹೇಳಿದೆ.

"ಎದೆಗೆ ಬೇರೆ ಏನೋ ಬಡೀತಿತ್ತು," ಅಂದ. "ಜೋರಾಗಿದೆ ಅನ್ನಿಸ್ತು ಒಂದ್ಸಲ. ಆದ್ರೆ ಕುಲುಮೆಯಿಂದ ಬಂದವನ ಎದೆ, ಅದು ಯಾವಾಗ್ಲೂ ಬಡೀತಾನೇ ಇರುತ್ತೆ. ನೀನು ನಿಧಾನ ಅಂದಿದ್ದೆ."

"ಹೌದು."

"ನನ್ನ ಎದೇನ ನಂಬ್ಲಾ, ನಿನ್ನ ನಂಬ್ಲಾ? ನಿನ್ನ ನಂಬಿದೆ."

ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೋಮವಾರ ಹೋಗಿ ಹೇಳಿದ. ಮಧ್ಯಾಹ್ನಕ್ಕೆ ಮನೆಗೆ ಬಂದ. ಸಣ್ಣ ಸುತ್ತಿಗೆ ಅಲ್ಲೇ ಇಟ್ಟುಕೊಂಡಿದ್ದರು, ಅದು ಕುಲುಮೆಯ ಸ್ವತ್ತು. ಆ ಎರಡು ಚಳಿಗಾಲದಲ್ಲಿ ಅವನು ಬಿಳಿ ಗೆರೆ ಎಳೆದ ಕೊಕ್ಕೆಗಳನ್ನೆಲ್ಲ ವಾಪಸ್ ತರಿಸಿದರು. ಅಂಗಳದಲ್ಲಿದ್ದವು ಮೊದಲು, ಆಮೇಲೆ ಬಂದರುಗಳಿಂದ. ಬೇರೆಯವನು ಬಡಿದು ನೋಡಿದ. ಹೆಡ್ಲಿ ಪ್ರತಿ ಸಂಜೆ ಬಂದು ಎದುರಿಗೆ ಕೂತು ಹೇಳುತ್ತಿದ್ದ. ಇವತ್ತು ಬಂದವೆಲ್ಲ ಸರಿ ನೆವ್. ಇವತ್ತೂ ಸರಿ. ಒಂದು ಸಂಜೆ ಅವನು ಕೂರಲಿಲ್ಲ. ಬಾಗಿಲಲ್ಲೇ ನಿಂತು, "ಒಂದು ಸಿಕ್ತು," ಅಂದ. "ಆರ್ಥರನ ಕಡೆಯದಲ್ಲ. ಇನ್ನೂ ಹಡಗಿಗೆ ಹೋಗಿರ್ಲಿಲ್ಲ."

"ಬಿರುಕು?"

"ಒಳಗೆ, ಬೆರಳು ಹೋಗೋಷ್ಟು."

"ಹಲ್ಲಿಗೆ ಸರಿ ಅನ್ನಿಸಿತ್ತು," ನೆವಿಲ್ ಅಂದ.

ಕೊನೆಗೆ ಎಲ್ಲ ಬಂದವು, ಒಂದು ಬರಲಿಲ್ಲ. ಅದು ಮಾರಾಟವಾಗಿ, ಅಲ್ಲಿಂದ ಇನ್ನೊಬ್ಬರಿಗೆ ಮಾರಾಟವಾಗಿ, ಸಮುದ್ರ ದಾಟಿ ಎಲ್ಲೋ ಹೋಗಿತ್ತು. ಆಫೀಸಿನವರು ಕೇಳಿ ಕೇಳಿ ಬಿಟ್ಟರು. ಅದು ಸರಿಯಾಗಿಯೇ ಇರಬಹುದು. ಇಲ್ಲದೆಯೂ ಇರಬಹುದು. ಅದರ ಮೇಲೆ ನೆವಿಲ್ ಎಳೆದ ಬಿಳಿ ಗೆರೆ ಇದೆ. ಅದರ ಕೆಳಗೆ ಯಾರೋ ನಿಂತು ಸಿಗರೇಟ್ ಸೇದುತ್ತಿದ್ದಾನೆ.

ನೆವಿಲ್ ಆ ಒಂದು ಕೊಕ್ಕೆಯ ಜೊತೆ ಬದುಕಿದ. ಬೆಳಿಗ್ಗೆ ಎದ್ದು ಪೇಪರಿಗೆ ಬಾಗಿಲಲ್ಲಿ ಕಾಯುತ್ತಿದ್ದ. ಬಂದರು ಅಂತ ಎಲ್ಲಿ ಕಂಡರೂ ಬೆರಳಿಟ್ಟು ಓದುತ್ತಿದ್ದ. ಅವನಿಗೆ ಓದು ಕಷ್ಟ. ಅರ್ಥವಾಗದ್ದನ್ನು ನನ್ನ ಹತ್ತಿರ ತರುತ್ತಿದ್ದ, ನನಗೂ ಕಷ್ಟ. ಯಾವುದೋ ದೇಶದಲ್ಲಿ ಸರಕು ಬಿದ್ದು ಆಳುಗಳು ಸತ್ತರು ಅಂತ ಒಂದು ಸಲ ಬಂತು. ಕೊಕ್ಕೆಯ ಹೆಸರಿರಲಿಲ್ಲ, ಹಗ್ಗ ಹರಿದದ್ದೋ ಏನೋ. ಅವನು ಆ ದಿನ ಊಟ ಮಾಡಲಿಲ್ಲ. ಮರುದಿನವೂ ಇಲ್ಲ.

"ಅದು ಅಲ್ಲ ನೆವ್."

"ಅಲ್ಲ ಅಂತ ನಿನಗೆ ಹೇಗೆ ಗೊತ್ತು?"



ಶನಿವಾರ ನಿಂತುಹೋಯಿತು. ವಿಲ್ಫ್ ಎರಡು ಸಲ ಬಂದು ಬಾಗಿಲು ತಟ್ಟಿದ, ಬ್ರೆಡ್ಡು ಕೊಟ್ಟು ಹೋದ. "ಬರೀ ಕೂತ್ಕೊಳ್ಳೋಣ ಮಾರಾಯ. ರೆಕಾರ್ಡು ಬೇಡ. ನಾನು ಕೆಟ್ಟದಾಗಿ ಹಾಡ್ತೀನಿ, ನಿನಗೇನು ಕೇಳಿಸಲ್ಲವಲ್ಲ," ಅಂದ. ನೆವಿಲ್ ನಕ್ಕ. ಆದರೆ ಒಳಗೆ ಕರೆಯಲಿಲ್ಲ. ಕಪಾಟಿನ ಮುಂದೆ ನಾನು ಹಳೆಯ ಬಟ್ಟೆ ಕಟ್ಟಿದೆ, ಅವನೇ ಕಟ್ಟು ಅಂದ. ನಾನು ಗುರುವಾರ ಎದುರಿಗೆ ಹೋಗಿ ಕೂತರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕುಂಡಗಳಿಗೆ ನೀರು ಹಾಕುತ್ತಿದ್ದ. ಮಳೆ ಬರುವಾಗಲೂ ಹಾಕುತ್ತಿದ್ದ.

ಹೀಗೇ ಕೆಲವು ವರ್ಷ. ಎದೆ ಕೈಕೊಟ್ಟಿತು. ಬಾಗಿಲಲ್ಲಿ ಪೇಪರ್ ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ನಾನು ಒಳಗಿಂದ ಕೂಗಿದೆ. ಅವನಿಗೆ ಕೇಳದು ಅಂತ ಗೊತ್ತಿದ್ದೂ ಕೂಗಿದೆ.

ಮಣ್ಣಾದ ಮೇಲಿನ ಶನಿವಾರ ಮೂವರೂ ಬಂದರು. ಯಾರೂ ಕರೆದಿರಲಿಲ್ಲ. ಬೂಟು ಹೊರಗೆ ಬಿಟ್ಟರು. ವಿಲ್ಫ್ ಪರದೆ ಎಳೆದ. ಹೆಡ್ಲಿ ಲೋಟಗಳಿಗೆ ಬಿಯರ್ ಸುರಿದು ಇಟ್ಟ, ಐದು ಲೋಟ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತು.

"ನೀನು ಕೂತ್ಕೋಮ್ಮ," ಅಂದ ಹೆಡ್ಲಿ.

ನಾನು ಕಪಾಟಿನ ಬಟ್ಟೆ ಬಿಚ್ಚಿ ಬಿಳಿ ಕಾಗದದ ರೆಕಾರ್ಡು ತೆಗೆದೆ. ಡೆರಿಕ್ ಅದನ್ನು ಅಚ್ಚು ಹಾಕಿಸಿದ್ದ, ಅದು ಎಲ್ಲೂ ಓಡಲಿಲ್ಲ, ಈಗ ಅವನಿಗೆ ಮಕ್ಕಳಿದ್ದಾರೆ. ಕಡ್ಡಿಯನ್ನು ಮೂವತ್ತಮೂರರ ಕಡೆ ಇಟ್ಟೆ. ಡೆರಿಕ್‌ನ ಕೈ ಅದರ ಕಡೆ ಬಂತು. ಆಮೇಲೆ ಅವನು ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟು ಕೂತ.

ಸರಪಳಿ ಬಂತು. ಮೂರು ಪೆಟ್ಟು ಬಂತು. ಅವರು ಅದನ್ನು ಹಾಗೆ ಯಾವತ್ತೂ ಕೇಳಿರಲಿಲ್ಲ. ನನ್ನ ಗಂಡ ಕೇಳಿದ್ದು ಅದೊಂದನ್ನೇ. ಓಡುವ ಆ ಇನ್ನೊಂದನ್ನು ಅವನು ಕೇಳಿಯೇ ಇರಲಿಲ್ಲ. ವಿಲ್ಫ್ ಮುಖಕ್ಕೆ ಟೋಪಿ ಹಿಡಿದುಕೊಂಡ. ನಾನು ಕುರ್ಚಿಯ ಕೈಯ ಮೇಲೆ ಬೆರಳಲ್ಲಿ ಪೆಟ್ಟು ಹಾಕುತ್ತಾ ಹೋದೆ.

ಮುಗಿಯಿತು. ಮುಳ್ಳು ಎತ್ತಿದರು. ವಿಲ್ಫ್ ನನಗೆ ಮಾತು ಬರಲ್ಲ ಅಂದ. ಹೆಡ್ಲಿ ತಲೆಯಾಡಿಸಿದ. ಡೆರಿಕ್, "ನಾವು ಹೀಗೆ ನುಡಿಸ್ಬೇಕಿತ್ತು," ಅಂದ. ಆಮೇಲೆ ಮೂವರೂ ನನ್ನ ಕಡೆ ನೋಡಿದರು. ಯಾರೂ ಲೋಟ ಮುಟ್ಟಲಿಲ್ಲ. ಕೊನೆಯ ಮಾತು ಆ ಕುರ್ಚಿಯದು.

"ಹೇಳು ಐರಿಸ್," ಡೆರಿಕ್ ಅಂದ. "ಕಪಾಟೋ ಕುಂಡವೋ?"

ನಾನು ಬಾಯಿ ತೆರೆದೆ. ತುಟಿ ಅಗಲ ಮಾಡಿ, ಮೆಲ್ಲಗೆ, ಅವನಿಗೆ ಹೇಳುತ್ತಿದ್ದ ಹಾಗೆ ಹೇಳಲು ಹೋದೆ. ಎದುರಿಗೆ ನೋಡುವವನು ಇರಲಿಲ್ಲ. ಹೇಳಲಾಗಲಿಲ್ಲ. ಬಿಯರಿನ ನೊರೆ ಇಳಿದುಹೋಯಿತು. ಅವರು ಕತ್ತಲಾಗುವ ಮುಂಚೆ ಎದ್ದು ಬೂಟು ಹಾಕಿಕೊಂಡು ಹೋದರು.

ರೆಕಾರ್ಡು ಇನ್ನೂ ಯಂತ್ರದ ಮೇಲೇ ಇದೆ. ಕಪಾಟಿಗೂ ಹೋಗಿಲ್ಲ, ಒಲೆಗೂ ಹೋಗಿಲ್ಲ. ಬೆಳಿಗ್ಗೆ ಪೇಪರ್ ಬರುತ್ತದೆ, ನಿಲ್ಲಿಸಿಲ್ಲ. ಬಗ್ಗಿ ಎತ್ತಿಕೊಂಡು ಬಂದರಿನ ಸುದ್ದಿ ಇರುವ ಪುಟ ಮೊದಲು ತೆಗೆಯುತ್ತೇನೆ.